ಬ್ಯಾನರ್‌ಗಿಂತ ಮೊದಲು ಕಪಾಟು: ಕೇರಿಯಲ್ಲಿ ಸಂಘ ಕಟ್ಟುವ ಬಗೆ

ಕೇರಿಯಲ್ಲಿ ಸಂಘ ಮಾಡೋಣ ಎಂದು ಮಾತಾದ ಮರುದಿನವೇ ಬ್ಯಾನರ್ ಪ್ರಿಂಟಾಗುತ್ತದೆ, ಶಾಲುಗಳು ಬರುತ್ತವೆ, ಮೈಕ್‌ಸೆಟ್‌ಗೆ ಮುಂಗಡ ಹೋಗುತ್ತದೆ. ಉದ್ಘಾಟನೆ ಮುಗಿದ ಮೇಲೆ ಉಳಿಯುವುದು ಗೋಡೆಯ ಮೇಲಿನ ಒಂದು ಫೋಟೊ. ಅದೇ ದುಡ್ಡಿನಲ್ಲಿ ಬೀಗವಿರುವ ಕಬ್ಬಿಣದ ಕಪಾಟು, ಎರಡು ಉದ್ದನೆಯ ರಿಜಿಸ್ಟರ್, ಕ್ರಮಸಂಖ್ಯೆ ಹಾಕಿದ ರಸೀದಿ ಪುಸ್ತಕ, ಮನೆಗೊಂದರಂತೆ ಫೈಲು ಕೊಂಡರೆ ಸಂಘ ಅರ್ಧ ನಿಂತಂತೆಯೇ.

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ದಲಿತ ಕೇರಿಗಳಲ್ಲಿ, ಅಲೆಮಾರಿ ಕಲಾವಿದರ ಕಾಲೊನಿಗಳಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರಿಗಾಗಿ ಇದನ್ನು ಬರೆದಿದೆ. ಮಾದರಿ ಮಾತ್ರ ದೂರದ್ದು. ಅಮೆರಿಕ ಮತ್ತು ಬ್ರಿಟನ್ನಿನ ಕಪ್ಪು ಜನ ಇನ್ನೂರು ವರ್ಷಕ್ಕೂ ಹಿಂದಿನಿಂದ ಕಟ್ಟಿಕೊಂಡು ಬಂದ ಸಂಘಗಳಲ್ಲಿ ಒಂದು ಗುಣ ಮತ್ತೆ ಮತ್ತೆ ಕಾಣುತ್ತದೆ: ಮನೆಯ ಕಷ್ಟ, ಹುಡುಗರ ಓದು, ಹಿರಿಯರ ಹಾಡು ಮೂರನ್ನೂ ಅವರು ಒಂದೇ ಸೂರಿನಡಿ ನೋಡಿಕೊಂಡರು. ನಮಗೂ ಅವರಿಗೂ ನಂಟು ಹೊಸದಲ್ಲ. 1946ರಲ್ಲಿ ಅಂಬೇಡ್ಕರ್ ಅವರು ಅಲ್ಲಿನ ಕಪ್ಪು ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್‌ಗೆ ಹೆಸರು ಬಂದದ್ದೂ ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಯಿಂದಲೇ. ಘೋಷಣೆಗಳನ್ನು ನಾವು ಬೇಗ ತಂದುಕೊಂಡೆವು. ಲೆಕ್ಕಪುಸ್ತಕ ಇಡುವ ಅವರ ಅಭ್ಯಾಸ ಬರುವುದು ಇನ್ನೂ ಬಾಕಿ ಇದೆ.

ಮೊದಲ ರಿಜಿಸ್ಟರ್: ಮನೆ ಮನೆ ಲೆಕ್ಕ

ನೋಂದಣಿಗೆ ಓಡುವ ಮೊದಲು ಕೇರಿಯ ಪ್ರತಿ ಮನೆಯನ್ನೂ ಬರೆದುಕೊಳ್ಳಿ. 60 ಮನೆಯ ಕೇರಿಗೆ ಮೂರು ಭಾನುವಾರ ಸಾಕು. ಒಬ್ಬ ಗಂಡಸು, ಒಬ್ಬ ಹೆಂಗಸು ಜೋಡಿಯಾಗಿ ಹೋಗಬೇಕು. ಬರೀ ಗಂಡಸರು ಹೋದರೆ ಮಕ್ಕಳ ಹುಟ್ಟಿದ ದಿನಾಂಕ ಸರಿಯಾಗಿ ಸಿಗುವುದಿಲ್ಲ, ಸಾಲದ ಸುದ್ದಿ ಬಾಯಿಗೇ ಬರುವುದಿಲ್ಲ.

ಒಂದು ಮನೆಗೆ ಎದುರು ಬದುರಿನ ಎರಡು ಪುಟ ಬಿಡಿ. ಎಡಪುಟದಲ್ಲಿ ಮನೆಮಂದಿಯ ಹೆಸರು (ಆಧಾರ್‌ನಲ್ಲಿ ಇರುವಂತೆಯೇ, ಕರೆಯುವ ಹೆಸರು ಪಕ್ಕಕ್ಕೆ), ಹುಟ್ಟಿದ ದಿನ, ಅದಕ್ಕೆ ಆಧಾರವಾದ ಕಾಗದ, ಶಾಲೆ ಮತ್ತು ತರಗತಿ, ಜಾತಿ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ, ಆದಾಯ ಪ್ರಮಾಣಪತ್ರದ ತಾರೀಖು, ಬ್ಯಾಂಕು. ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ಬರೆಯಿರಿ. ಇಡೀ ಸಂಖ್ಯೆ ಬರೆದಿಟ್ಟ ಪುಸ್ತಕ ಒಮ್ಮೆ ಕಳೆದರೆ ಕೇರಿಯಷ್ಟಕ್ಕೂ ಕುತ್ತು. ಬಲಪುಟದಲ್ಲಿ ಗುಳೆಯ ವಿವರ: ಯಾವ ತಿಂಗಳು ಹೋಗುತ್ತಾರೆ, ಯಾವ ಊರಿಗೆ, ಯಾವ ಮೇಸ್ತ್ರಿಯ ಕೈಕೆಳಗೆ, ಮಕ್ಕಳನ್ನು ಯಾರ ಬಳಿ ಬಿಡುತ್ತಾರೆ. ಅದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟು ಕೇಳಿ: ಈ ಮನೆಯಲ್ಲಿ ಯಾರಿಗೆ ಏನು ಬರುತ್ತದೆ? ಹಲಗೆ ಬಾರಿಸುವುದು, ಚೌಡಿಕೆ ನುಡಿಸುವುದು, ತತ್ವಪದ, ಮೊಹರಂನ ರಿವಾಯತ್ ಪದ, ಸೋಬಾನೆ, ಬೊಂಬೆ ಕುಣಿಸುವುದು, ಕೌದಿ ಹೊಲಿಯುವುದು. ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುವ ಸಾಲು ಇದೇ. ಏಕೆಂಬುದು ಕೊನೆಗೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಈ ಮೂರೂ ಜಿಲ್ಲೆಗಳಲ್ಲಿ ದೇವದಾಸಿ ತಾಯಂದಿರ ಮನೆಗಳಿವೆ. ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು 1982ರ ಕಾಯ್ದೆಯಿಂದಲೇ ಅಪರಾಧ, ಆದರೆ ಅರ್ಜಿಯ ತಂದೆಯ ಹೆಸರಿನ ಕಾಲಂ ಮುಂದೆ ಮಕ್ಕಳು ತಲೆ ತಗ್ಗಿಸುವುದು ನಿಂತಿಲ್ಲ. ಆ ಪ್ರಶ್ನೆಯನ್ನು ಕಟ್ಟೆಯ ಮೇಲೆ ನಾಲ್ಕು ಜನರೆದುರು ಕೇಳಬೇಡಿ. ನಿಮ್ಮ ರಿಜಿಸ್ಟರಿನಲ್ಲಿ ಆ ಕಾಲಂ ಇಡಲೇಬೇಡಿ. ‘ಪೋಷಕರು’ ಎಂದಿಟ್ಟರೆ ಎಲ್ಲರಿಗೂ ಹೊಂದುತ್ತದೆ.

ನೋಂದಣಿ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ 18 ತುಂಬಿದ ಕನಿಷ್ಠ 7 ಜನ ಬೇಕು. ಅರ್ಜಿ ಹೋಗುವುದು ಸಹಕಾರ ಇಲಾಖೆಯಲ್ಲಿರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ. ಸಂಘದ ಉದ್ದೇಶ ಹೇಳುವ ಜ್ಞಾಪನಾ ಪತ್ರ, ಬೈಲಾ, ಏಳೂ ಜನರ ಗುರುತು ಮತ್ತು ವಿಳಾಸದ ದಾಖಲೆ, ಕಚೇರಿ ಜಾಗದ ಮಾಲೀಕರ ಒಪ್ಪಿಗೆ ಪತ್ರ, ಮೊದಲ ಸಭೆಯ ನಡಾವಳಿ ಇವಿಷ್ಟೂ ಕೈಯಲ್ಲಿರಲಿ. ಅದೇ ಹೆಸರಿನ ಇನ್ನೊಂದು ಸಂಘ ಮೊದಲೇ ಇದ್ದರೆ ಅರ್ಜಿ ತಿರುಗಿ ಬರುತ್ತದೆ, ಆದ್ದರಿಂದ ಮೂರು ಹೆಸರು ಬರೆದುಕೊಂಡು ಹೋಗಿ. ‘ರಾಷ್ಟ್ರೀಯ’, ‘ಭಾರತ ಸರ್ಕಾರ’ ಮುಂತಾಗಿ ಸರ್ಕಾರದ್ದೆಂಬ ಭ್ರಮೆ ಹುಟ್ಟಿಸುವ ಪದ ಬೇಡ. ಊರಿನ ಹೆಸರು, ಕೇರಿಯ ಹೆಸರು ಸೇರಿಸಿದರೆ ತಕರಾರು ಕಡಿಮೆ.

ಬೈಲಾವನ್ನು ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಮಾದರಿಯಿಂದ ಇಡಿಯಾಗಿ ಇಳಿಸಿಕೊಳ್ಳುವುದೇ ಮುಂದಿನ ಜಗಳಕ್ಕೆ ಬೀಜ. ನಾಲ್ಕು ಸಾಲನ್ನು ನೀವೇ ಬರೆಯಬೇಕು. ಆಡಳಿತ ಮಂಡಳಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. ಒಂದೇ ಮನೆಯಿಂದ ಇಬ್ಬರು ಬೇಡ. ಅಧ್ಯಕ್ಷರಾದವರು ಸತತ ಎರಡು ಅವಧಿಗಿಂತ ಹೆಚ್ಚು ಇರುವಂತಿಲ್ಲ. ಚುನಾವಣೆಗೆ ನಿಂತವರು, ಅದು ಗ್ರಾಮ ಪಂಚಾಯಿತಿಯದೇ ಆಗಲಿ, ಫಲಿತಾಂಶ ಬರುವವರೆಗೆ ಪದಾಧಿಕಾರಿಯಾಗಿ ಮುಂದುವರಿಯುವಂತಿಲ್ಲ. ಕೊನೆಯದನ್ನು ಬರೆಯುವಾಗ ಕೆಲವರ ಮುಖ ಸಣ್ಣಗಾಗುತ್ತದೆ. ಬರೆಯಿರಿ.

ನೋಂದಣಿಯಾದ ಮೇಲೆ ಸಂಘ ಸಾಯುವುದು ಸಾಮಾನ್ಯವಾಗಿ ಒಂದೇ ರೋಗದಿಂದ: ವಾರ್ಷಿಕ ಕಾಗದ ಸಲ್ಲಿಸದೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಿ, ಅದಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪರಿಶೋಧನೆಯಾದ ಆಯವ್ಯಯ ಪಟ್ಟಿ ಒಪ್ಪಿಸಬೇಕು. ನಾಲ್ಕಾರು ವರ್ಷ ಬಿಟ್ಟು, ಯಾವುದೋ ಅನುದಾನಕ್ಕೆ ಅರ್ಜಿ ಹಾಕುವಾಗ ನೆನಪಾಗಿ ಹಿಂದಿನದನ್ನೆಲ್ಲ ಒಮ್ಮೆಲೇ ಮಾಡಿಸಲು ಹೋದರೆ ದಂಡ, ಅಲೆದಾಟ, ಆಡಿಟರ್ ಶುಲ್ಕ ಸೇರಿ ಅನುದಾನದಷ್ಟೇ ಖರ್ಚು. ಸಂಘದ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ ಆದಮೇಲೆ ಸ್ವಯಂಸೇವಾ ಸಂಸ್ಥೆಗಳಿಗಾಗಿ ಇರುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಹಚ್ಚಿ. ಅದಕ್ಕೆ ಶುಲ್ಕವಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ.

ವಿದೇಶದ ಹಣದ ವಿಚಾರದಲ್ಲಿ ಜಾಗ್ರತೆ. ಕೇರಿಯ ಹುಡುಗ ದುಬೈನಲ್ಲಿದ್ದಾನೆ, ಭಾರತದ ಪಾಸ್‌ಪೋರ್ಟೇ ಇದೆ, ಬ್ಯಾಂಕ್ ಮೂಲಕ ಸ್ವಂತ ದುಡಿಮೆಯ ಹಣ ಕಳಿಸಿದ ಎಂದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡಿನವರೂ (ಭಾರತ ಮೂಲದ ವಿದೇಶಿ ಪೌರರು) ಸೇರಿ, ಕೊಟ್ಟರೆ ಅದು ವಿದೇಶಿ ದೇಣಿಗೆಯೇ. 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯೂ ಮುಟ್ಟುವಂತಿಲ್ಲ. ಹೊಸ ಸಂಘಕ್ಕೆ ಆ ನೋಂದಣಿ ಸುಲಭಕ್ಕೆ ಸಿಗದು. ಪ್ರೀತಿಯಿಂದಲೇ ಬೇಡ ಎನ್ನಿ.

ಚಂದಾ ಹಣ

1787ರಲ್ಲಿ ಫಿಲಡೆಲ್ಫಿಯಾದಲ್ಲಿ ರಿಚರ್ಡ್ ಅಲೆನ್, ಅಬ್ಸಾಲೊಮ್ ಜೋನ್ಸ್ ಮುಂತಾದವರು ಫ್ರೀ ಆಫ್ರಿಕನ್ ಸೊಸೈಟಿ ಕಟ್ಟಿದರು. ಗುಲಾಮಗಿರಿ ಇನ್ನೂ ಜಾರಿಯಲ್ಲಿದ್ದ ದೇಶ ಅದು. ಸದಸ್ಯರು ತಿಂಗಳಿಗೆ ಒಂದು ಶಿಲಿಂಗ್ ಕಟ್ಟಬೇಕಿತ್ತು. ಒಂದು ವರ್ಷ ತಪ್ಪದೆ ಕಟ್ಟಿದ ಮೇಲೆ, ಕಷ್ಟಕ್ಕೆ ಬಿದ್ದವರಿಗೆ ವಾರಕ್ಕೆ 3 ಶಿಲಿಂಗ್ 9 ಪೆನ್ಸ್. ಈ ನಿಯಮದಲ್ಲಿ ಮೆಚ್ಚಬೇಕಾದದ್ದು ಒಂದು ವರ್ಷದ ಕಾಯುವಿಕೆ. ನಮ್ಮ ಕೇರಿ ಫಂಡುಗಳು ಮುಳುಗುವುದು ಮೊದಲ ತಿಂಗಳೇ ಸಾಲ ಕೊಡಲು ಹೋಗಿ.

ಲೆಕ್ಕ ಹೀಗಿಡಬಹುದು. ಮನೆಗೆ ತಿಂಗಳಿಗೆ 30 ರೂಪಾಯಿ, 60 ಮನೆಗೆ 1,800, ವರ್ಷಕ್ಕೆ 21,600. ಇದರಲ್ಲಿ ಅರ್ಧ ಆಪತ್ತಿನ ಪೆಟ್ಟಿಗೆಗೆ, ಕಾಲುಭಾಗ ಮಕ್ಕಳ ಓದಿಗೆ, ಕಾಲುಭಾಗ ಕಾಗದಪತ್ರ ಮತ್ತು ಧ್ವನಿಮುದ್ರಣಕ್ಕೆ. ಆಪತ್ತಿನ ಸಾಲ ಒಂದು ಮನೆಗೆ 2,000 ಮೀರಬಾರದು, ಬಡ್ಡಿ ಇಲ್ಲ, 200ರಂತೆ 10 ಕಂತು. ಎರಡನೆಯ ವರ್ಷದಿಂದ ಶುರು. ವರ್ಷಕ್ಕೆ ಆ ಪೆಟ್ಟಿಗೆಗೆ ಬೀಳುವುದು 10,800. ಎಂದರೆ ಒಂದೇ ಸಮಯಕ್ಕೆ ಐದು ಮನೆಗೆ ಮಾತ್ರ ಸಾಲ. ಆರನೆಯವರಿಗೆ ಇಲ್ಲ ಎನ್ನುವ ಗಟ್ಟಿತನ ಖಜಾಂಚಿಗೆ ಇರಬೇಕು, ಅದಕ್ಕೇ ಈ ಹುದ್ದೆಗೆ ಸ್ವಲ್ಪ ಕಟುವಾಗಿ ಮಾತಾಡುವ ಅಕ್ಕನನ್ನು ಆರಿಸಿ.

ಮದುವೆ, ಜಾತ್ರೆ, ಜಯಂತಿಗೆ ಈ ಪೆಟ್ಟಿಗೆಯಿಂದ ಬಿಡಿಗಾಸೂ ಇಲ್ಲ. ಏಪ್ರಿಲ್ 14ಕ್ಕೆ ಬೇರೆ ಪಟ್ಟಿ ಎತ್ತಿ, ಬೇರೆ ರಸೀದಿ, ಹತ್ತು ದಿನದಲ್ಲಿ ಬೇರೆ ಲೆಕ್ಕ. ಬ್ಯಾಂಕಿನಲ್ಲಿ ಮೂವರ ಸಹಿ ಇಡಿ, ಹಣ ತೆಗೆಯಲು ಯಾರಾದರೂ ಇಬ್ಬರ ಸಹಿ ಸಾಕು ಎಂದು ಠರಾವು ಮಾಡಿ. ಮೂರನೆಯವರು ಏಕೆಂದರೆ ಇಬ್ಬರಲ್ಲಿ ಒಬ್ಬರು ಗುಳೆ ಹೋಗಿರುತ್ತಾರೆ. ಕೈಯಲ್ಲಿ ನಗದು 1,000 ದಾಟಬಾರದು. ಪ್ರತಿ ತಿಂಗಳ ಮೊದಲ ಭಾನುವಾರ ಹಿಂದಿನ ತಿಂಗಳ ಜಮಾ, ಖರ್ಚು, ಉಳಿಕೆ ಮೂರು ಸಾಲನ್ನು ಗುಡಿಯ ಗೋಡೆಗೋ ಸಮುದಾಯ ಭವನದ ಬೋರ್ಡಿಗೋ ಬರೆಯಿರಿ. ಓದಲು ಬಾರದವರಿಗೆ ಒಬ್ಬ ಹುಡುಗಿ ಗಟ್ಟಿಯಾಗಿ ಓದಿ ಹೇಳಲಿ. ಗುಸುಗುಸು ಹುಟ್ಟುವುದು ಲೆಕ್ಕ ತಪ್ಪಿದ್ದರಿಂದಲ್ಲ, ಲೆಕ್ಕ ಕಾಣದಿದ್ದರಿಂದ.

ಕಾಗದದ ಶನಿವಾರ

ಕೇರಿಯವರ ಕಾಗದಪತ್ರ ಮಾಡಿಸಿಕೊಡುವ ದಿನ, ಸಂಘದ ನಿಜವಾದ ಕೆಲಸ ಇದು. ವಾರಕ್ಕೊಂದು ದಿನ, ಒಂದೇ ಹೊತ್ತು, ಸಂಜೆ 6ರಿಂದ 8. ಒಂದು ಮೇಜು, ಕಪಾಟು, ಸ್ಮಾರ್ಟ್‌ಫೋನ್ ಬಲ್ಲ ಇಬ್ಬರು ಹುಡುಗ ಹುಡುಗಿಯರು. ಒಬ್ಬರೇ ಇದ್ದರೆ ಅವರೇ ಏಜೆಂಟರಾಗಿ ಬದಲಾಗುವ ಅಪಾಯವಿದೆ.

ಜನನ ಪ್ರಮಾಣಪತ್ರದಿಂದ ಶುರುಮಾಡಿ. 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ, 30 ದಿನದವರೆಗೆ ಸಣ್ಣ ದಂಡ, ಒಂದು ವರ್ಷದೊಳಗಾದರೆ ಅಧಿಕಾರಿಯ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ. ಗುಳೆ ಮನೆಗಳು ಎಡವುವುದು ಇಲ್ಲಿ: ಕೂಸು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಣಿ. ಪುಣೆಯ ಕಟ್ಟಡದ ಶೆಡ್ಡಿನಲ್ಲಿ ಹುಟ್ಟಿದ ಮಗುವನ್ನು ಲಿಂಗಸುಗೂರಿಗೆ ಬಂದು ಬರೆಸುತ್ತೇವೆ ಎಂದರೆ ಆಗದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಈ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಗುಳೆ ಹೊರಟ ಬಸುರಿಯರ ಕೈಗೆ ಒಂದು ಚೀಟಿ ಕೊಡಿ: ತಾಯಿ ಕಾರ್ಡು ಜೊತೆಗಿರಲಿ, ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ, ಊರಿಗೆ ಹೊರಡುವ ಮೊದಲು ಜನನ ಪತ್ರ ಕೇಳಿ ತನ್ನಿ.

ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಒಮ್ಮೆ ಸಿಕ್ಕರೆ ಜೀವನಪೂರ್ತಿ ನಡೆಯುತ್ತದೆ, ಆದಾಯದ್ದು ಐದು ವರ್ಷ. ಅಲೆಮಾರಿ ಮನೆಗಳಲ್ಲಿ ತೊಡಕು ಹೆಸರಿನದು. ಸರ್ಕಾರದ ಪಟ್ಟಿಯಲ್ಲಿರುವುದು ಒಂದು ಹೆಸರು, ಊರವರು ಕರೆಯುವುದು ಇನ್ನೊಂದು, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮೇಷ್ಟ್ರು ಬರೆದದ್ದು ಕಸುಬಿನ ಹೆಸರು. ‘ಬೊಂಬೆಯಾಟದವರು’, ‘ವೇಷಗಾರರು’ ಎಂದು ಬರೆದಿದ್ದರೆ ಅದು ಜಾತಿಯಾಗಿ ನಿಲ್ಲುವುದಿಲ್ಲ. ಒಂದನೇ ತರಗತಿಗೆ ಸೇರಿಸುವಾಗಲೇ ಹಿರಿಯ ಅಣ್ಣತಮ್ಮಂದಿರ ಪ್ರಮಾಣಪತ್ರದ ಪ್ರತಿ ಹಿಡಿದು ಸಂಘದವರೊಬ್ಬರು ಜೊತೆಗೆ ಹೋಗಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬಂದಮೇಲೆ ತಿದ್ದಿಸುವುದು ಬೆಟ್ಟ ಅಗೆದಂತೆ.

ಪ್ರತಿ ಅರ್ಜಿಗೂ ಸಕಾಲದ (ಸರ್ಕಾರಿ ಸೇವೆಗೆ ಗಡುವು ಹಾಕುವ ಕಾಯ್ದೆ) ಸ್ವೀಕೃತಿ ಪಡೆಯಿರಿ. ಅದರ ಮೇಲೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ, ಎಷ್ಟು ದಿನದಲ್ಲಿ ಕೊಡಬೇಕು ಎಂಬುದೂ ಇರುತ್ತದೆ. ಅವಧಿ ಮೀರಿದರೆ ಮೇಲ್ಮನವಿ, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕಾಯ್ದೆಯಲ್ಲೇ ಇದೆ. ಪರಿಹಾರದ ಹಣ ದೊಡ್ಡದಲ್ಲ. ಆ ಸಂಖ್ಯೆಯನ್ನು ನಿಮ್ಮ ರಿಜಿಸ್ಟರಿನಿಂದ ಓದಿ ಹೇಳಿದಾಗ ಕೌಂಟರಿನ ಧಾಟಿ ಬದಲಾಗುತ್ತದಲ್ಲ, ಅದು ದೊಡ್ಡದು. ಬಾಯಿಮಾತಿನ ‘ನಾಳೆ ಬರ್ರಿ’ಗೆ ಯಾವ ಸಂಖ್ಯೆಯೂ ಇಲ್ಲ.

ವಿದ್ಯಾರ್ಥಿವೇತನದ ಅರ್ಜಿ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಮೂಲಕ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರದ ಯೋಜನೆಯಲ್ಲಿ ಕುಟುಂಬದ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ಮಂಜೂರಾಗಿಯೂ ಹಣ ಬಾರದಿದ್ದರೆ ಹತ್ತರಲ್ಲಿ ಹಲವು ಸಲ ಕಾರಣ ಬ್ಯಾಂಕಿನದು. ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ಆ ಖಾತೆ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಬೀಳಬೇಕಾದ ಖಾತೆ ಇದೇ ಎಂಬ ಜೋಡಣೆ) ಆಗಿರುವುದು ಬೇರೆ. ಹಣ ಬರುವುದು ಎರಡನೆಯದಕ್ಕೆ, ಅದೂ ಕೊನೆಗೆ ಮ್ಯಾಪ್ ಆದ ಖಾತೆಗೆ. ಹುಡುಗ ಮೊಬೈಲ್‌ನಲ್ಲೇ ಯಾವುದೋ ಹೊಸ ಖಾತೆ ತೆರೆದು ಮರೆತಿದ್ದರೆ ಹಣ ಅಲ್ಲಿ ಕುಳಿತಿರುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕು ಎಂದು ಉಚಿತವಾಗಿ ನೋಡಬಹುದು. ಮೊದಲು ಅದನ್ನು ನೋಡಿ, ಆಮೇಲೆ ಇಲಾಖೆಗೆ ಹೋಗಿ. ಎರಡನೆಯ ಕಾರಣ ಹೆಸರಿನ ಕಾಗುಣಿತ: ಅಂಕಪಟ್ಟಿಯಲ್ಲಿ ‘ಹುಲಿಗೆಮ್ಮ’, ಆಧಾರ್‌ನಲ್ಲಿ ‘ಹುಲಗಮ್ಮ’.

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೇ ಇರುವ ಇನ್ನೊಂದು ಕಾಗದ 371(ಜೆ) ಅರ್ಹತಾ ಪತ್ರ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು. ಈ ಭಾಗದಲ್ಲಿ ಹುಟ್ಟಿದವರು, ಇಲ್ಲವೇ 1-1-2013ಕ್ಕೆ ಮೊದಲು ಕನಿಷ್ಠ 10 ವರ್ಷ ಇಲ್ಲಿ ನೆಲೆಸಿದವರು ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆಯಬೇಕು. ಈ ಭಾಗದ ನೇಮಕಾತಿಯಲ್ಲಿ ಸ್ಥಳೀಯರಿಗೆ ಸಿ ಗುಂಪಿನ ಹುದ್ದೆಗಳ 80%, ಡಿ ಗುಂಪಿನ 85% ಮೀಸಲು. ಗುಳೆಯಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಗುವಿನ ಜನನ ಪತ್ರ ಮಾತ್ರ ಹಿಡಿದು ಹೋದರೆ ತಕರಾರು ಬರುತ್ತದೆ. ತಂದೆ ತಾಯಿಯ ಶಾಲಾ ದಾಖಲೆ, ಹಳೆಯ ಪಡಿತರ ಚೀಟಿ, ಮತದಾರರ ಪಟ್ಟಿಯ ಪ್ರತಿ ಜೋಡಿಸಿಡಿ. ಇವನ್ನೆಲ್ಲ ಪಿಯುಸಿ ಮುಗಿದ ಮೇಲೆ ಹುಡುಕುವುದಲ್ಲ, ಮನೆಯ ಫೈಲಿನಲ್ಲಿ ಈಗಲೇ ಸೇರಿಸುವುದು.

ಗುಳೆ ಹೋಗುವವರಿಗೆ

ನ್ಯೂಯಾರ್ಕಿನಲ್ಲಿ 1910ರಲ್ಲಿ ಶುರುವಾದ ಅರ್ಬನ್ ಲೀಗ್ ಹುಟ್ಟಿದ್ದೇ ಇಂಥ ಜನರಿಗಾಗಿ. ದಕ್ಷಿಣದ ಹತ್ತಿ ಹೊಲ ಬಿಟ್ಟು ಉತ್ತರದ ಪಟ್ಟಣಗಳಿಗೆ ಬಂದ ಕಪ್ಪು ಕುಟುಂಬಗಳಿಗೆ ಕೆಲಸ, ಮನೆ, ಪಟ್ಟಣದ ರೀತಿನೀತಿ ತೋರಿಸಿಕೊಟ್ಟಿತು. ಕೆಲಸ ಇಲ್ಲೂ ಅದೇ, ಎರಡು ತುದಿಯಲ್ಲೂ ಒಬ್ಬರಿರಬೇಕು. ಬೆಂಗಳೂರಿನ ಶೆಡ್ಡುಗಳಲ್ಲಿರುವ ನಿಮ್ಮ ಕೇರಿಯವರಲ್ಲೇ ಒಬ್ಬರ ಹೆಸರು, ಫೋನು ರಿಜಿಸ್ಟರಿನ ಮೊದಲ ಪುಟದಲ್ಲಿರಲಿ. ಮೇಸ್ತ್ರಿ ಕೊಟ್ಟ ಮುಂಗಡವನ್ನು ಹೊರಡುವ ಮೊದಲು ಬರೆದುಕೊಳ್ಳಿ: ಎಷ್ಟು, ಎಷ್ಟು ದಿನದ ಕೆಲಸಕ್ಕೆ, ದಿನಗೂಲಿ ಎಷ್ಟು. ಮೇಸ್ತ್ರಿ ಸಹಿ ಮಾಡದಿದ್ದರೂ ಸಂಘದ ಪುಸ್ತಕದಲ್ಲಿ ತಾರೀಖಿನೊಂದಿಗೆ ಬರೆದಿದೆ ಎಂಬುದೇ ಬಟವಾಡೆಯ ದಿನ ಮಾತಿಗೆ ಬಲ.

ಪಡಿತರ ಚೀಟಿ ಬೇರೆ ಊರಿನಲ್ಲೂ ನಡೆಯುತ್ತದೆ, ಹೆಬ್ಬೆಟ್ಟಿನ ಗುರುತು ಸಿಗಬೇಕಷ್ಟೆ. ಸಿಮೆಂಟು ಕಲಸಿ ಬೆರಳು ಸವೆದವರಿಗೆ ಹೆಬ್ಬೆಟ್ಟು ಬರುವುದಿಲ್ಲ, ಅದಕ್ಕೇ ಮನೆಯ ಇನ್ನೊಬ್ಬರ ಗುರುತೂ ಚೀಟಿಗೆ ಸೇರಿರಲಿ. ಮಕ್ಕಳನ್ನು ಕರೆದೊಯ್ದರೆ ಅಲ್ಲಿನ ಶಾಲೆ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಅದನ್ನೇ ಹೇಳುತ್ತದೆ. ಅದನ್ನು ಕನ್ನಡದಲ್ಲಿ ಅರ್ಧ ಪುಟ ಮುದ್ರಿಸಿ ಕೈಗಿಡಿ.

ಸಂಜೆ ಶಾಲೆ, ಮತ್ತೆ ಹಲಗೆಯ ಪ್ರಶ್ನೆ

1964ರ ಬೇಸಿಗೆಯಲ್ಲಿ ಮಿಸಿಸಿಪ್ಪಿಯ ಫ್ರೀಡಂ ಸ್ಕೂಲ್‌ಗಳು ಚರ್ಚಿನ ಕೆಳಗಿನ ಕೋಣೆ, ಮರದ ನೆರಳು ಎನ್ನದೆ ನಡೆದವು. ಓದು, ಗಣಿತದ ಜೊತೆ ಕಪ್ಪು ಜನರ ಇತಿಹಾಸ, ಮತದ ಹಕ್ಕು ಕಲಿಸಿದರು. 1969ರ ಜನವರಿಯಲ್ಲಿ ಓಕ್ಲೆಂಡ್‌ನ ಒಂದು ಚರ್ಚಿನಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್ ಶಾಲಾಮಕ್ಕಳಿಗೆ ಬೆಳಗಿನ ತಿಂಡಿ ಶುರುಮಾಡಿದರು. ಬಂದೂಕಿನ ಫೋಟೊಗಿಂತ ಆ ತಿಂಡಿಯ ತಟ್ಟೆ ಹೆಚ್ಚು ಮನೆಗಳನ್ನು ಮುಟ್ಟಿತು ಎಂದೇ ನಮ್ಮ ಎಣಿಕೆ.

ಸಂಜೆ ಶಾಲೆಗೆ 15 ಮಕ್ಕಳಿಗೊಬ್ಬ ಕಲಿಸುವವರು, ಒಂದೂವರೆ ಗಂಟೆ, ವಾರಕ್ಕೆ ಐದು ದಿನ. ಚಾರ್ಜ್ ಮಾಡುವ ದೀಪ ಎರಡಿರಲಿ, ಕರೆಂಟು ಹೋದ ಗಳಿಗೆಯಲ್ಲಿ ಓಡಿದ ಮಕ್ಕಳು ಮತ್ತೆ ಬರುವುದಿಲ್ಲ. ಮೊದಲ 20 ನಿಮಿಷ ಗಟ್ಟಿಯಾಗಿ ಓದುವುದು, ಆಮೇಲೆ ಗಣಿತ. ವಾರಕ್ಕೊಮ್ಮೆ ಕೇರಿಯ ಹಿರಿಯರೊಬ್ಬರು ಕಥೆ ಹೇಳಲಿ. ಕಲಿಸುವ ಪಿಯುಸಿ, ಡಿಗ್ರಿ ಹುಡುಗ ಹುಡುಗಿಯರಿಗೆ ಗೌರವಧನ ಕೊಡಿ, ಸಣ್ಣದಾದರೂ ಸರಿ. ಪುಕ್ಕಟೆ ಸೇವೆ ಮೂರು ತಿಂಗಳು ನಡೆಯುತ್ತದೆ. ಬೀಜದ ಹತ್ತಿಯ ಹೂ ಕಟ್ಟುವ ಹಂಗಾಮಿನಲ್ಲಿ ಮಕ್ಕಳ ಹಾಜರಿ ಬೀಳುತ್ತದೆ. ಆ ವಾರಗಳಲ್ಲಿ ಹಾಜರಿ ಪುಸ್ತಕ ಹಿಡಿದು ಮನೆಗೇ ಹೋಗಿ. ದೊಡ್ಡ ಹುಡುಗರಿಗೆ ಬಳ್ಳಾರಿಯ ಜೀನ್ಸ್ ಹೊಲಿಗೆ, ತೋರಣಗಲ್ಲಿನ ಉಕ್ಕು, ಗಂಗಾವತಿಯ ಅಕ್ಕಿ ಗಿರಣಿ ಎಂದು ಕೆಲಸ ಸಿಗುತ್ತದೆ, ಆದರೆ ಐಟಿಐ ಪ್ರಮಾಣಪತ್ರ ಇದ್ದವನ ಪಗಾರವೇ ಬೇರೆ. ಪ್ರವೇಶದ ಅರ್ಜಿ ಬಿಡುವ ದಿನ ಕಾಗದದ ಶನಿವಾರದ ಬೋರ್ಡಿನಲ್ಲಿರಬೇಕು.

ಇನ್ನು ಹಲಗೆ. ಓದಿದ ಹುಡುಗರು ಮುಟ್ಟಲು ಒಲ್ಲೆ ಎನ್ನುತ್ತಾರೆ, ಅವರದು ತಪ್ಪಲ್ಲ. ಸಾವಿನ ಮನೆಯ ಮುಂದೆ, ಡಂಗುರಕ್ಕೆ, ಊರ ದೇವರಿಗೆ ಬಿಟ್ಟಿ ಬಾರಿಸಿದ ನೆನಪು ಆ ಚರ್ಮಕ್ಕೆ ಅಂಟಿದೆ. ‘ಇದು ನಮ್ಮ ಪರಂಪರೆ’ ಎಂದು ಭಾಷಣ ಮಾಡಿ ಅದನ್ನು ಅವರ ಕುತ್ತಿಗೆಗೆ ಹಾಕಬೇಡಿ. ಸಂಘ ಮೊದಲು ನಿಯಮ ಬರೆಯಲಿ: ಬಿಟ್ಟಿ ಇಲ್ಲ, ಸಾವಿಗೆ ಇಲ್ಲ, ಜಾತಿಯ ಹೆಸರಲ್ಲಿ ಕರೆದರೆ ಇಲ್ಲ. ವೇದಿಕೆ, ಮೆರವಣಿಗೆ, ಶಾಲೆಗೆ ಮಾತ್ರ. ತಲೆಗಿಷ್ಟು ದರ, ಅರ್ಧ ಮುಂಗಡ, ಗಾಡಿ ಖರ್ಚು, ಎಲ್ಲರ ಪಂಕ್ತಿಯಲ್ಲೇ ಊಟ, ಎಲ್ಲವೂ ಕಾಗದದಲ್ಲಿ. ಹುಡುಗಿಯರಿಗೂ ಕಲಿಸಿ. ನಿಯಮ ಬಂದಮೇಲೆ ಕಲಿಯುವವರು ತಾವೇ ಬರುತ್ತಾರೆ. ಅಭ್ಯಾಸ ಬೆಳಿಗ್ಗೆ 6ರಿಂದ 8, ರಾಯಚೂರಿನ ಬಿಸಿಲಿಗೆ ಬೇರೆ ಹೊತ್ತಿಲ್ಲ. ಚರ್ಮ ತಂಪಿಗೆ ಸಡಿಲಾಗುತ್ತದೆ, ಬಾರಿಸುವ ಮೊದಲು ಹುಲ್ಲಿನ ಉರಿಗೆ ದೂರದಿಂದ ತಿರುಗಿಸುತ್ತ ಕಾಯಿಸಬೇಕು. ಒಂದೇ ಕಡೆ ಹಿಡಿದರೆ ಸುಟ್ಟು ಬಿರುಕು ಬಿಡುತ್ತದೆ.

ಹಾಡು, ಬೊಂಬೆ, ಹಳೆಯ ಫೋಟೊ

ಆರ್ಟುರೊ ಶೋಂಬರ್ಗ್ ಎಂಬ ಕಪ್ಪು ಮನುಷ್ಯ ಬ್ಯಾಂಕಿನ ಟಪಾಲು ವಿಭಾಗದಲ್ಲಿ ದುಡಿಯುತ್ತ ತನ್ನವರ ಪುಸ್ತಕ, ಪತ್ರ, ಚಿತ್ರ ಕೂಡಿಸಿದ. 1926ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯಕ್ಕೆಂದು 10,000 ಡಾಲರಿಗೆ ಕೊಳ್ಳಲಾದ ಆ ಸಂಗ್ರಹ ಇಂದು ಹಾರ್ಲೆಮ್‌ನ ದೊಡ್ಡ ಸಂಶೋಧನಾ ಕೇಂದ್ರದ ಬುನಾದಿ. ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ 1981ರಲ್ಲಿ ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್ ಶುರುವಾದದ್ದೂ ಅಲ್ಲಿನ ಜನರೇ ಕೂಡಿ. ನಮ್ಮಲ್ಲಿ ದರೋಜಿ ಈರಮ್ಮನವರಂಥ ಬುರ್ರಕಥೆಯ ಕಂಠ 2014ರಲ್ಲಿ ಹೋಯಿತು. ಅವರು ಹಾಡಿದ್ದರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬರೆಸಿಕೊಂಡದ್ದು ಉಳಿದಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಬೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ಇಳಿವಯಸ್ಸಿನಲ್ಲಿ. ವಿಶ್ವವಿದ್ಯಾಲಯ ನಿಮ್ಮ ಕೇರಿಗೆ ಬರುವವರೆಗೆ ಕಾಯುವ ಹೊತ್ತಿಲ್ಲ.

ಧ್ವನಿಮುದ್ರಣಕ್ಕೆ ಸಾಧಾರಣ ಫೋನು ಸಾಕು. ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಆರಿಸಿ. ತಗಡಿನ ಸೂರು ಬೇಡ, ದನಿ ಗಣಗಣಿಸುತ್ತದೆ. ಕೌದಿ ಹಾಸಿ, ಹಿಂದೆ ಒಂದು ಕೌದಿ ಇಳಿಬಿಟ್ಟ ಮಣ್ಣಿನ ಮನೆಯಷ್ಟು ಒಳ್ಳೆಯ ಸ್ಟುಡಿಯೋ ಇಲ್ಲ. ಬಾಯಿಂದ ಫೋನಿಗೆ ಎರಡು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಓರೆಗೆ. ವಾದ್ಯ ಹಾಡಿನ ಮೇಲೆ ಏರಿದರೆ ವಾದ್ಯದವರನ್ನು ಹಿಂದೆ ಕೂರಿಸಿ, ಫೋನನ್ನಲ್ಲ. ವೇವ್ ಕಡತವಾಗಿ ಉಳಿಸಿದರೆ 48 ಕಿಲೊಹರ್ಟ್ಸ್, 24 ಬಿಟ್, ಮೊನೊದಲ್ಲಿ ಗಂಟೆಗೆ ಸುಮಾರು 520 ಎಂಬಿ. ಮೊದಲ ಅರ್ಧ ನಿಮಿಷ ತಾರೀಖು, ಊರು, ಹಾಡುವವರ ಹೆಸರು, ಯಾರಿಂದ ಕಲಿತರು, ಮುದ್ರಿಸಿಕೊಳ್ಳಲು ಒಪ್ಪಿಗೆ ಇದೆಯೇ ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ. ವಾಟ್ಸಾಪ್‌ನಲ್ಲಿ ಆಡಿಯೊ, ವಿಡಿಯೊ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ, ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಎಂದು ಕಳಿಸಿ. ಮೂರು ಪ್ರತಿ: ಕಪಾಟಿನ ಹಾರ್ಡ್‌ಡಿಸ್ಕ್, ಇನ್ನೊಬ್ಬರ ಮನೆಯ ಪೆನ್‌ಡ್ರೈವ್, ಒಂದು ಆನ್‌ಲೈನ್ ಖಾತೆ. ಎಲ್ಲವೂ ಕಾರ್ಯದರ್ಶಿಯ ಫೋನಿನಲ್ಲೇ ಇದ್ದರೆ ಆ ಫೋನು ಬಾವಿಗೆ ಬಿದ್ದ ದಿನ ಪರಂಪರೆಯೂ ಬಿತ್ತು.

ಮುದ್ರಿಸಿದ ವಾರದಲ್ಲೇ ಹಾಡಿದವರ ಎದುರು ಕೂತು ಕೇಳಿಸಿ, ಕಠಿಣ ಪದಗಳ ಅರ್ಥ ಬರೆದುಕೊಳ್ಳಿ. ಹೊರಗಿನವರು ಚಿತ್ರೀಕರಣಕ್ಕೆ ಬಂದರೆ ಸಂಘದ ಒಂದು ಪುಟದ ಕರಾರಿಗೆ ಸಹಿ ಮಾಡಿಸಿ: ಕಲಾವಿದರಿಗೆ ಇಷ್ಟು ಸಂಭಾವನೆ, ಸಂಘಕ್ಕೆ ಪೂರ್ಣ ಪ್ರತಿ, ಮಾರಾಟಕ್ಕೆ ಬಳಸುವುದಾದರೆ ಮತ್ತೆ ಕೇಳಬೇಕು. ಕಲಾವಿದರ ಪ್ರದರ್ಶನದ ಹಕ್ಕನ್ನು 1957ರ ಕೃತಿಸ್ವಾಮ್ಯ ಕಾಯ್ದೆಯೂ ಒಪ್ಪಿದೆ.

ತೊಗಲುಬೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಒಳಗಿನ ಪಸೆ ಹೊರಬಾರದೆ ಬೂಷ್ಟು ಹಿಡಿಯುತ್ತದೆ. ತೊಳೆದು ಒಣಗಿಸಿದ ಹತ್ತಿ ಬಟ್ಟೆಯ ನಡುವೆ ಚಪ್ಪಟೆಯಾಗಿ, ಒಂದರ ಮೇಲೊಂದು ಬಟ್ಟೆ ಹಾಕುತ್ತ ಇಡಿ. ಬಿಸಿಲಿಗೆ ಹರಡಿದರೆ ಚರ್ಮ ಸುರುಟಿಕೊಳ್ಳುತ್ತದೆ, ನೆರಳ ಗಾಳಿ ಸಾಕು. ಫೋಟೊ ಎರಡು ಸಲ: ಒಮ್ಮೆ ಮುಂದಿನ ಬೆಳಕಿನಲ್ಲಿ, ಒಮ್ಮೆ ಹಿಂದೆ ಬಿಳಿ ಬಟ್ಟೆ ಮತ್ತು ದೀಪವಿಟ್ಟು, ಬಣ್ಣ ಕಾಣುವುದು ಆಗಲೇ. ಪಕ್ಕಕ್ಕೆ ಅಳತೆಪಟ್ಟಿ ಇರಲಿ. ಯಾವ ಬೊಂಬೆಯ ಜೊತೆ ಯಾವುದನ್ನು ಇಡಬೇಕು ಎಂಬುದಕ್ಕೆ ಮನೆಯವರದೇ ಕಟ್ಟಳೆ ಇರುತ್ತದೆ. ಕೇಳಿ ಇಡಿ.

ಇದಕ್ಕೆಲ್ಲ ಹೊತ್ತು ಯಾವಾಗ? ಮೊಹರಂ. ಯುಗಾದಿಗೆ ಬಾರದವರೂ ಅಲಾಯಿ ಹಬ್ಬಕ್ಕೆ ಗುಳೆಯಿಂದ ಊರಿಗೆ ಬರುತ್ತಾರೆ. ಹೆಜ್ಜೆ ಮೇಳ, ರಿವಾಯತ್ ಪದ ತಾವಾಗಿಯೇ ನಡೆಯುತ್ತವೆ. ಆ ಹಬ್ಬ ಪ್ರತಿ ವರ್ಷ 10-11 ದಿನ ಮುಂಚೆ ಬರುವುದರಿಂದ ತಾರೀಖು ನೋಡಿಕೊಂಡು ಸರ್ವಸದಸ್ಯರ ಸಭೆ, ಕಾಗದದ ಶಿಬಿರ, ಧ್ವನಿಮುದ್ರಣ ಮೂರನ್ನೂ ಅದೇ ವಾರಕ್ಕೆ ಕಟ್ಟಿ. ಹಬ್ಬದ ಮುಖ್ಯ ರಾತ್ರಿಯಾದ ‘ಕತ್ತಲ ರಾತ್ರಿ’ ಮಾತ್ರ ಏನೂ ಇಡಬೇಡಿ, ಯಾರೂ ಬರುವುದಿಲ್ಲ.

ಈಗ ಆ ಬಲಪುಟದ ಕೊನೆಯ ಸಾಲಿನ ಮಾತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ 58 ದಾಟಿದ ಕಷ್ಟದಲ್ಲಿರುವ ಕಲಾವಿದರಿಗೆ ಮಾಶಾಸನ ಕೊಡುತ್ತದೆ. ಅರ್ಜಿಯ ಜೊತೆ ಕಲಾಸೇವೆಯ ಪುರಾವೆ ಕೇಳುತ್ತಾರೆ: ಕರಪತ್ರ, ಪತ್ರಿಕೆಯ ತುಣುಕು, ಫೋಟೊ, ಕಾರ್ಯಕ್ರಮದ ಪ್ರಮಾಣಪತ್ರ. ನಲವತ್ತು ವರ್ಷ ಹಾಡಿದ ಅಜ್ಜಿಯ ಬಳಿ ಒಂದು ಚೀಟಿಯೂ ಇರುವುದಿಲ್ಲ. ಆದ್ದರಿಂದ ಯಾವ ಕಾರ್ಯಕ್ರಮಕ್ಕೆ ಹೋದರೂ ಕರಪತ್ರದ ಎರಡು ಪ್ರತಿ, ವೇದಿಕೆಯ ಮೇಲಿನ ಒಂದು ಫೋಟೊ, ಸಂಘಟಕರ ಸಹಿಯ ಒಂದು ಪತ್ರ ತಂದು ಆ ಮನೆಯ ಫೈಲಿಗೆ ಹಾಕಿ, ರಿಜಿಸ್ಟರಿನಲ್ಲಿ ತಾರೀಖು ಬರೆಯಿರಿ. 50 ದಾಟಿದ ಕಲಾವಿದರ ಪಟ್ಟಿ ಬೇರೆ ಮಾಡಿ, ಅವರ ಆಧಾರ್‌ನಲ್ಲಿ ವಯಸ್ಸು ಹತ್ತು ವರ್ಷ ಕಡಿಮೆ ಬಿದ್ದಿದೆಯೇ ಎಂದು ಈ ಶನಿವಾರವೇ ನೋಡಿ.